ವಾಲ್ತೇರಿನ ಹಾಸ್ಟೆಲಿನಿಂದ ಯೋಜನಾ ಆಯೋಗದವರೆಗೆ: ದುರ್ಗಾಬಾಯಿ ದೇಶ್‌ಮುಖ್

ದುರ್ಗಾಬಾಯಿ ದೇಶ್‌ಮುಖ್ ಎಂದ ಕೂಡಲೇ ನಮ್ಮ ಸಂಘದ ಕಿರಿಯರಿಗೆ ನೆನಪಾಗುವುದು ದಿಲ್ಲಿಯ ಪಿಂಕ್ ಲೈನ್ ಮೆಟ್ರೋದ ಒಂದು ನಿಲ್ದಾಣ. ದಿಲ್ಲಿಯಲ್ಲಿ ಓದುತ್ತಿರುವ ಮಕ್ಕಳು ದಿನವೂ ಅಲ್ಲಿ ಹತ್ತಿ ಇಳಿಯುತ್ತಾರೆ. ಹಿರಿಯರಿಗೆ ಚೆನ್ನೈ, ಹೈದರಾಬಾದುಗಳ ಆಂಧ್ರ ಮಹಿಳಾ ಸಭಾ ನೆನಪಾಗಬಹುದು. ಆದರೆ ಆಕೆ ನಮ್ಮ ಈ ವಾಲ್ತೇರಿನಲ್ಲಿ ಓದಿದವರು, ಓದುವುದಕ್ಕಾಗಿ ತಾವೇ ಒಂದು ಹಾಸ್ಟೆಲ್ ಕಟ್ಟಿಕೊಂಡವರು ಎಂಬುದನ್ನು ಬಲ್ಲವರು ನಮ್ಮಲ್ಲಿ ಕಡಿಮೆ. ಮಹಿಳಾ ವೇದಿಕೆಯ ಇ-ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ಕೇಳಿದಾಗ ಇವರ ಬಗ್ಗೆಯೇ ಬರೆಯುತ್ತೇನೆ ಎಂದೆ. ಅದಕ್ಕೆ ಇನ್ನೊಂದು ಕಾರಣವೂ ಇದೆ. ಧಾರವಾಡದ ಕಡೆಯ ನಮ್ಮ ಮನೆಯ ಒಬ್ಬ ಹೆಣ್ಣುಮಗಳ ಬದುಕು ಇವರಿಂದಾಗಿ ಬೇರೆ ದಾರಿ ಹಿಡಿಯಿತು. ಅದನ್ನು ಮುಂದೆ ಹೇಳುತ್ತೇನೆ.

ಈಗ ಎಲ್ಲೆಲ್ಲೂ ಜೆಂಡರ್ ತಜ್ಞರು ಇದ್ದಾರೆ. ಸರ್ಕಾರದ ಯಾವ ವರದಿ ತೆರೆದರೂ ಅದರಲ್ಲಿ ಮಹಿಳೆಯರ ಬಗ್ಗೆ ಒಂದು ಅಧ್ಯಾಯ, ಒಂದಷ್ಟು ಕೋಷ್ಟಕ ಇರುತ್ತದೆ. ವಿಶ್ವಸಂಸ್ಥೆಯವರು ಮಾನವ ಅಭಿವೃದ್ಧಿ ವರದಿಯನ್ನು ಹೊರತರಲು ಆರಂಭಿಸಿದ್ದು 1990ರಲ್ಲಿ. ಅದರಲ್ಲಿ ಹೆಣ್ಣು ಗಂಡಿನ ನಡುವಿನ ಅಂತರವನ್ನು ಅಳೆಯುವ ಸೂಚ್ಯಂಕ ಸೇರಿದ್ದು 1995ರಲ್ಲಿ. ನಮ್ಮ ಕರ್ನಾಟಕವೂ 1999ರಲ್ಲಿ ತನ್ನದೇ ಮಾನವ ಅಭಿವೃದ್ಧಿ ವರದಿ ತಂದಿತು. ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಮಾಡುತ್ತಿದ್ದ ನಾನು ಅದನ್ನು ಮಕ್ಕಳಿಗೆ ಹೇಳಿಕೊಟ್ಟಿದ್ದೇನೆ. ಆದರೆ ದೇಶದ ಯೋಜನೆ ಬರೆಯುವ ಮೇಜಿನ ಮುಂದೆ ಕುಳಿತು, ಹೆಂಗಸರಿಗಾಗಿ ಇದರಲ್ಲಿ ಏನಿದೆ, ಎಷ್ಟು ಹಣ, ಅದನ್ನು ಯಾರು ಖರ್ಚು ಮಾಡುತ್ತಾರೆ ಎಂಬ ಪ್ರಶ್ನೆಗಳಿಗೆ 1950ರ ದಶಕದಲ್ಲೇ ಉತ್ತರ ಕಟ್ಟಿಕೊಟ್ಟವರು ದುರ್ಗಾಬಾಯಿ. ಆಗ ಜೆಂಡರ್ ಎಂಬ ಮಾತು ವ್ಯಾಕರಣ ಪುಸ್ತಕದ ಹೊರಗೆ ಬಂದಿರಲಿಲ್ಲ.

1909ರ ಜುಲೈ 15ರಂದು ರಾಜಮಹೇಂದ್ರಿಯಲ್ಲಿ ಹುಟ್ಟಿದರು. ಬೆಳೆದದ್ದು ಕಾಕಿನಾಡದಲ್ಲಿ. ತಂದೆ ರಾಮರಾವ್, ತಾಯಿ ಕೃಷ್ಣವೇಣಮ್ಮ. ಅಂದಿನ ಪದ್ಧತಿಯಂತೆ ಎಂಟನೆಯ ವಯಸ್ಸಿಗೆ ಮದುವೆ ಆಯಿತು. ಬುದ್ಧಿ ಬಂದ ಮೇಲೆ ಆ ಮದುವೆ ತನಗೆ ಬೇಡವೆಂದು ಗಂಡನಿಗೇ ನೇರವಾಗಿ ತಿಳಿಸಿ, ಅವನು ಬೇರೆ ಮದುವೆಯಾಗಲಿ ಎಂದು ಒಪ್ಪಿಗೆ ಕೊಟ್ಟು ಹೊರಬಂದರು. ತಂದೆ ಬೆನ್ನಿಗೆ ನಿಂತರು. ನೂರು ವರ್ಷಗಳ ಹಿಂದೆ ಒಂದು ತೆಲುಗು ಬ್ರಾಹ್ಮಣ ಮನೆಯಲ್ಲಿ ನಡೆದ ಮಾತಿದು, ಗೆಳತಿಯರೇ. ಮುಂದೆ ಆ ವ್ಯಕ್ತಿ ತೀರಿಕೊಂಡಾಗ ಅವನ ಎರಡನೆಯ ಹೆಂಡತಿಯನ್ನು ತಮ್ಮಲ್ಲಿ ಇಟ್ಟುಕೊಂಡು, ಕೈಕೆಲಸದ ತರಬೇತಿ ಕೊಡಿಸಿ, ಅವಳು ತನ್ನ ಕಾಲಮೇಲೆ ನಿಲ್ಲುವಂತೆ ನೋಡಿಕೊಂಡವರೂ ಇವರೇ.

ಗಾಂಧೀಜಿ 1921ರಲ್ಲಿ ಕಾಕಿನಾಡಕ್ಕೆ ಬಂದಾಗ ಈಕೆಗೆ ಇನ್ನೂ ಹನ್ನೆರಡು ತುಂಬಿರಲಿಲ್ಲ. ಊರಿನ ದೇವದಾಸಿಯರು ಮತ್ತು ಬುರ್ಖಾ ಹಾಕುವ ಮುಸ್ಲಿಂ ಹೆಂಗಸರು ಗಾಂಧೀಜಿಯ ಮಾತು ಕೇಳಬೇಕು ಎಂದು ಹಟ ಹಿಡಿದಳು ಹುಡುಗಿ. ಐದು ಸಾವಿರ ರೂಪಾಯಿಯ ನಿಧಿ ಕೊಟ್ಟರೆ ಕೆಲವು ನಿಮಿಷ ಸಿಗಬಹುದು ಎಂದು ಸ್ಥಳೀಯ ಮುಖಂಡರು ಹೇಳಿದರು. ಬಹುಶಃ ಮಗು ಸುಮ್ಮನಾಗಲಿ ಎಂದು ಹಾಗೆ ಹೇಳಿದ್ದಿರಬೇಕು. ಹಣವನ್ನು ಆ ಹೆಂಗಸರೇ ಕೂಡಿಸಿದರು. ಸಭೆ ನಡೆಯಿತು, ಗಾಂಧೀಜಿಯ ಹಿಂದೂಸ್ತಾನಿ ಭಾಷಣವನ್ನು ಈ ಹುಡುಗಿಯೇ ತೆಲುಗಿಗೆ ಹೇಳಿದಳು. ಎರಡು ವರ್ಷದ ಮೇಲೆ ಕಾಕಿನಾಡ ಕಾಂಗ್ರೆಸ್ ಅಧಿವೇಶನದಲ್ಲಿ ಟಿಕೆಟ್ ಇಲ್ಲದೆ ಬಂದ ಜವಾಹರಲಾಲ್ ನೆಹರೂ ಅವರನ್ನು ಬಾಗಿಲಲ್ಲೇ ತಡೆದ ಕಥೆ ಎಲ್ಲರಿಗೂ ಗೊತ್ತಿರುವುದೇ. ನನಗೆ ಅದಕ್ಕಿಂತ ದೇವದಾಸಿಯರ ಸಭೆಯ ಸಂಗತಿಯೇ ದೊಡ್ಡದೆನಿಸುತ್ತದೆ. ಸಭೆಯಲ್ಲಿ ಯಾರು ಇಲ್ಲ ಎಂದು ಮೊದಲು ಗಮನಿಸುವ ಕಣ್ಣು ಆ ವಯಸ್ಸಿಗೇ ಇತ್ತು.

ಉಪ್ಪಿನ ಸತ್ಯಾಗ್ರಹ ಬಂತು. 1930ರಿಂದ 1933ರ ನಡುವೆ ಮೂರು ಬಾರಿ ಜೈಲು. ವೆಲ್ಲೂರು, ಮಧುರೆ. ಮಧುರೆಯಲ್ಲಿ ಏಕಾಂತ ಸೆರೆ ಅನುಭವಿಸಿ ಆರೋಗ್ಯ ಕೆಟ್ಟಿತು. ಆದರೆ ಅವರ ಮುಂದಿನ ಬದುಕನ್ನೆಲ್ಲ ತಿರುಗಿಸಿದ್ದು ಆ ಕಷ್ಟವಲ್ಲ, ಜೊತೆಗಿದ್ದ ಸಾಮಾನ್ಯ ಕೈದಿಗಳು. ಕೊಲೆ ಆಪಾದನೆಯ ಮೇಲೆ ಬಂದ ಬಡ ಹೆಂಗಸರು ಅಲ್ಲಿ ಇದ್ದರು. ಅವರ ಜೊತೆ ಕೂತು ಮಾತನಾಡುತ್ತ ಹೋದಂತೆ ಎಷ್ಟೋ ಜನ ತಾವು ಮಾಡದ ತಪ್ಪನ್ನು ಒಪ್ಪಿಕೊಂಡು ಬಂದಿದ್ದಾರೆ ಎಂಬುದು ತಿಳಿಯಿತು. ಕಾಗದದ ಮೇಲೆ ಏನು ಬರೆದಿದೆ ಎಂಬುದು ಅವರಿಗೆ ತಿಳಿಯುತ್ತಿರಲಿಲ್ಲ, ಹೆಬ್ಬೆಟ್ಟು ಒತ್ತಿದ್ದರು ಅಷ್ಟೆ. ವಕೀಲರನ್ನು ಹಿಡಿಯಬೇಕು ಎಂಬುದೂ ಗೊತ್ತಿಲ್ಲ, ಹಿಡಿಯಲು ದುಡ್ಡೂ ಇಲ್ಲ. ಹೊರಗೆ ಹೋದ ಮೇಲೆ ಕಾನೂನು ಓದುತ್ತೇನೆ, ಇಂಥವರ ಪರವಾಗಿ ಶುಲ್ಕವಿಲ್ಲದೆ ವಾದಿಸುತ್ತೇನೆ ಎಂದು ದುರ್ಗಾಬಾಯಿ ಅಲ್ಲಿಯೇ ನಿಶ್ಚಯ ಮಾಡಿದರು. ಆಗ ಅವರಿಗೆ ಮೆಟ್ರಿಕ್ ಕೂಡ ಆಗಿರಲಿಲ್ಲ! ಇಂಗ್ಲಿಷ್ ಮಾಧ್ಯಮ ಬೇಡವೆಂದು ಶಾಲೆಯನ್ನೇ ಬಿಟ್ಟು, ಮನೆಯಲ್ಲಿ ಹೆಣ್ಣುಮಕ್ಕಳಿಗೆ ಹಿಂದಿ ಶಾಲೆ ನಡೆಸಿದವರು ಈಗ ಇಪ್ಪತ್ತು ದಾಟಿದ ಮೇಲೆ ಇಂಗ್ಲಿಷ್ ಅಕ್ಷರ ತಿದ್ದಬೇಕಾಯಿತು. ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಮೆಟ್ರಿಕ್ ಕಟ್ಟಿ ಪಾಸಾದರು. ಇಂಟರ್‌ಮೀಡಿಯೇಟೂ ಆಯಿತು. ಮುಂದೆ ರಾಜ್ಯಶಾಸ್ತ್ರ ಓದಬೇಕೆಂದರೆ ಬನಾರಸಿನಲ್ಲಿ ಅದು ಹೆಂಗಸರಿಗೆ ಸಿಗಲಿಲ್ಲ. ಹಾಗಾಗಿ ವಾಲ್ತೇರಿಗೆ ಬಂದರು.

ಆಂಧ್ರ ವಿಶ್ವವಿದ್ಯಾಲಯ 1926ರಲ್ಲಿ ಆರಂಭವಾದದ್ದು ಬೆಜವಾಡದಲ್ಲಿ, ಅಂದರೆ ಇಂದಿನ ವಿಜಯವಾಡದಲ್ಲಿ. 1930ರಲ್ಲಿ ಅದು ವಾಲ್ತೇರಿನ ಸಮುದ್ರದ ದಂಡೆಗೆ ಬಂತು. ದುರ್ಗಾಬಾಯಿ ಸೀಟು ಕೇಳಿದಾಗ ಕುಲಪತಿಯಾಗಿದ್ದವರು ಕಟ್ಟಮಂಚಿ ರಾಮಲಿಂಗಾ ರೆಡ್ಡಿ. ಕನ್ನಡಿಗರಿಗೆ ಅವರು ಹೊರಗಿನವರಲ್ಲ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಪ್ರಾಧ್ಯಾಪಕರೂ ಪ್ರಾಂಶುಪಾಲರೂ ಆಗಿದ್ದು, ಮೈಸೂರು ಸಂಸ್ಥಾನದ ವಿದ್ಯಾ ಇಲಾಖೆಯನ್ನು ನೋಡಿಕೊಂಡಿದ್ದ ಅದೇ ಸಿ. ಆರ್. ರೆಡ್ಡಿಯವರು. ಹೆಣ್ಣುಮಕ್ಕಳು ಓದಬಾರದು ಎನ್ನುವ ಜಾತಿಯ ಮನುಷ್ಯರಲ್ಲ. ಆದರೆ ಹುಡುಗಿಯರಿಗೆ ಹಾಸ್ಟೆಲ್ ಇಲ್ಲ, ಆದ್ದರಿಂದ ಸೀಟು ಕೊಡಲಾಗದು ಎಂದರು. ಹಾಸ್ಟೆಲ್ ಯಾಕಿಲ್ಲ ಎಂದರೆ ಹುಡುಗಿಯರು ಸೇರುವುದಿಲ್ಲ. ಹುಡುಗಿಯರು ಯಾಕೆ ಸೇರುವುದಿಲ್ಲ ಎಂದರೆ ಹಾಸ್ಟೆಲ್ ಇಲ್ಲ. ಈ ಗಾಣದ ಸುತ್ತು ಇಂದಿಗೂ ನಮಗೆ ಗೊತ್ತಿರುವುದೇ ಅಲ್ಲವೇ?

ದುರ್ಗಾಬಾಯಿ ಅದರ ಬಗ್ಗೆ ವಾದ ಬೆಳೆಸಲಿಲ್ಲ. ಪತ್ರಿಕೆಯಲ್ಲಿ ಒಂದು ಪ್ರಕಟಣೆ ಕೊಟ್ಟರು. ಹಾಸ್ಟೆಲ್ ಇಲ್ಲವೆಂಬ ಒಂದೇ ಕಾರಣಕ್ಕೆ ವಾಲ್ತೇರಿನಲ್ಲಿ ಓದಲಾಗದ ಹೆಣ್ಣುಮಕ್ಕಳು ತಮಗೆ ಬರೆಯಬೇಕು ಎಂದು ಅದರ ಸಾರಾಂಶ. ಬರೆದವರು ಇದ್ದರು. ಅವರನ್ನು ಜೊತೆ ಮಾಡಿಕೊಂಡು, ಒಂದು ಜಾಗ ಹಿಡಿದು ತಾವೇ ಹಾಸ್ಟೆಲ್ ನಡೆಸತೊಡಗಿದರು. ರೆಡ್ಡಿಯವರಿಗೆ ಹೇಳಲು ಬೇರೆ ನೆವ ಉಳಿಯಲಿಲ್ಲ, ಸೀಟು ಕೊಟ್ಟರು. ಅರ್ಥಶಾಸ್ತ್ರದ ಮೇಷ್ಟರಾಗಿ ನನಗೆ ಇಲ್ಲಿ ಕಾಣುವುದು ಒಂದು ಸಣ್ಣ ಸಮೀಕ್ಷೆ. ಬೇಡಿಕೆಯೇ ಇಲ್ಲ ಎಂದು ಮೇಲಿನವರು ಹೇಳಿದಾಗ ಬೇಡಿಕೆಯನ್ನು ಎಣಿಸಿ ತಂದು ತೋರಿಸಿದರು. ಮುಂದೆ ದಿಲ್ಲಿಯಲ್ಲಿ ಅವರು ಮಾಡಿದ ಕೆಲಸದ ರೀತಿಯೂ ಬಹುಮಟ್ಟಿಗೆ ಇದೇ.

ರಾಜ್ಯಶಾಸ್ತ್ರದಲ್ಲಿ ಪದವಿಗಳು ಆದ ಮೇಲೆ ಮದ್ರಾಸಿನಲ್ಲಿ ಕಾನೂನು ಓದಿ, 1942ರ ಹೊತ್ತಿಗೆ ವಕೀಲರಾದರು. ಅದಕ್ಕೂ ಮೊದಲೇ, 1937ರಲ್ಲಿ, ಮದ್ರಾಸಿನಲ್ಲಿ ಆಂಧ್ರ ಮಹಿಳಾ ಸಭಾ ಮೊಳಕೆಯೊಡೆದಿತ್ತು. ಶಾಲೆ ಬಿಟ್ಟ ಹೆಣ್ಣುಮಕ್ಕಳನ್ನು, ಬಾಲ್ಯದಲ್ಲೇ ವಿಧವೆಯರಾದವರನ್ನು, ಗಂಡ ಬಿಟ್ಟವರನ್ನು ಕೂಡಿಸಿ ಕಡಿಮೆ ಅವಧಿಯಲ್ಲಿ ಬನಾರಸ್ ಮೆಟ್ರಿಕ್ಕಿಗೆ ತಯಾರು ಮಾಡುತ್ತಿದ್ದರು. ತಾವು ನಡೆದು ಬಂದ ದಾರಿಯನ್ನೇ ಉಳಿದವರಿಗೂ ಮಾಡಿಕೊಟ್ಟರು ಎನ್ನಬಹುದು. ಈ ಸಂಗತಿಯನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

1946ರಲ್ಲಿ ಮದ್ರಾಸಿನಿಂದ ಸಂವಿಧಾನ ಸಭೆಗೆ ಹೋದರು. ಅಲ್ಲಿದ್ದ ಹದಿನೈದು ಮಹಿಳೆಯರಲ್ಲಿ ಒಬ್ಬರು, ಸಭಾಪತಿಗಳ ಪಟ್ಟಿಯಲ್ಲಿದ್ದ ಒಬ್ಬರೇ ಮಹಿಳೆ. ರಾಜ್ಯಸಭೆಯ ಸದಸ್ಯತ್ವಕ್ಕೆ 35 ವರ್ಷ ಆಗಿರಬೇಕು ಎಂದಿದ್ದ ಕರಡನ್ನು 30ಕ್ಕೆ ಇಳಿಸುವ ತಿದ್ದುಪಡಿ ಅವರದು. ಹಿಂದೂ ಸಂಹಿತೆಯ ಚರ್ಚೆಯಲ್ಲಿ ಹೆಣ್ಣುಮಕ್ಕಳ ಆಸ್ತಿಯ ಹಕ್ಕಿಗಾಗಿ ಗಟ್ಟಿಯಾಗಿ ನಿಂತರು. ಆ ಸಂಹಿತೆಯ ಕರಡನ್ನು ಮೊದಲು ಸಿದ್ಧಪಡಿಸಿದ ಸಮಿತಿಗೆ ಅಧ್ಯಕ್ಷರು ನಮ್ಮ ಮಂಗಳೂರಿನ ಬೆನಗಲ್ ನರಸಿಂಗ ರಾವ್. ಈ ಭಾಗದ ಬಗ್ಗೆ ಎಷ್ಟೋ ಪುಸ್ತಕಗಳು ಬಂದಿರುವುದರಿಂದ ಇಲ್ಲಿಗೇ ಬಿಡುತ್ತೇನೆ.

1952ರ ಮೊದಲ ಮಹಾಚುನಾವಣೆಯಲ್ಲಿ ದುರ್ಗಾಬಾಯಿ ಸೋತರು. ಸೋತದ್ದೇ ಒಳ್ಳೆಯದಾಯಿತೇನೋ ಎಂದು ನನಗೆ ಅನಿಸುವುದುಂಟು. ನೆಹರೂ ಅವರನ್ನು ಯೋಜನಾ ಆಯೋಗಕ್ಕೆ ಕರೆದರು, ಸಮಾಜಸೇವೆಯ ವಿಷಯಗಳನ್ನು ಒಪ್ಪಿಸಿದರು. ಅಣೆಕಟ್ಟು, ಉಕ್ಕು, ಗೊಬ್ಬರದ ಲೆಕ್ಕಗಳ ನಡುವೆ ಈ ವಿಷಯಕ್ಕೆ ಇದ್ದದ್ದು ಮೂಲೆಯ ಜಾಗ. ಮೊದಲ ತೊಡಕು ಎಂದರೆ ಮಾಹಿತಿಯೇ ಇರಲಿಲ್ಲ. ಅನಾಥಾಲಯ, ಹೆರಿಗೆ ಮನೆ, ವಿಧವಾಶ್ರಮ, ಅಂಗವಿಕಲರ ಶಾಲೆ ಇವನ್ನೆಲ್ಲ ದೇಶದ ತುಂಬ ಖಾಸಗಿ ಸಂಸ್ಥೆಗಳು ನಡೆಸುತ್ತಿದ್ದವು. ಎಷ್ಟಿವೆ, ಎಲ್ಲಿವೆ, ಹೇಗೆ ಬದುಕಿವೆ ಎಂಬುದನ್ನು ಒಟ್ಟಿಗೆ ಹೇಳಬಲ್ಲವರು ಇರಲಿಲ್ಲ. ದುರ್ಗಾಬಾಯಿ ಊರೂರು ಸುತ್ತಿದರು, ಬಲ್ಲವರಿಂದ ಬರೆಸಿದರು. ಭಾರತದ ಸಮಾಜ ಕಲ್ಯಾಣದ ಬಗ್ಗೆ ಯೋಜನಾ ಆಯೋಗ 1955ರಲ್ಲಿ ಒಂದು ದಪ್ಪ ಗ್ರಂಥ ತಂದಿತು. ಅದೇ ಬೆಳೆದು 1968ರಲ್ಲಿ ಸಮಾಜಕಾರ್ಯದ ವಿಶ್ವಕೋಶವಾಯಿತು. ಸಂಶೋಧನೆ ಎಂದರೆ ಅವರಿಗೆ ಕಪಾಟಿನಲ್ಲಿ ಇಡುವ ವಸ್ತುವಲ್ಲ. ಹಣ ಯಾರಿಗೆ ಕೊಡಬೇಕು ಎಂಬ ಪ್ರಶ್ನೆಗೆ ಉತ್ತರ ಬೇಕಿತ್ತು, ಆದ್ದರಿಂದ ಹುಡುಕಿದರು.

ಮೊದಲ ಪಂಚವಾರ್ಷಿಕ ಯೋಜನೆಯಲ್ಲಿ ಇಂಥ ಸಂಸ್ಥೆಗಳಿಗೆ ನೆರವಾಗಲು ನಾಲ್ಕು ಕೋಟಿ ರೂಪಾಯಿ ಇಟ್ಟರು. ಯೋಜನೆಯ ಒಟ್ಟು ಗಾತ್ರದ ಎದುರು ಅದು ಕೈಗೆ ಸಿಗದಷ್ಟು ಸಣ್ಣ ಮೊತ್ತ. ಆದರೆ ಆ ಹಣ ಯಾರ ಕೈಯಿಂದ ಹೋಗಬೇಕು ಎಂಬಲ್ಲಿ ದುರ್ಗಾಬಾಯಿ ಗಟ್ಟಿಯಾಗಿ ಕೂತರು. ಸಚಿವಾಲಯದ ಗುಮಾಸ್ತರ ಮೇಜಿನಿಂದ ಬೇಡ, ಕೆಲಸ ಬಲ್ಲವರೇ ಕುಳಿತು ತೀರ್ಮಾನಿಸುವ ಮಂಡಳಿ ಬೇಕು ಎಂದರು. 1953ರ ಆಗಸ್ಟಿನಲ್ಲಿ ಕೇಂದ್ರ ಸಮಾಜ ಕಲ್ಯಾಣ ಮಂಡಳಿ ಹುಟ್ಟಿತು. ಅವರೇ ಮೊದಲ ಅಧ್ಯಕ್ಷೆ. ರಾಜ್ಯಗಳಲ್ಲೂ ಮಂಡಳಿಗಳಾದವು. ಮರುವರ್ಷದಿಂದ ಗ್ರಾಮ ಕಲ್ಯಾಣ ಯೋಜನೆಗಳು ಆರಂಭವಾದವು. ಸುಮಾರು 25 ಹಳ್ಳಿಗಳಿಗೆ ಒಂದು ಯೋಜನೆ. ಅಲ್ಲಿಗೊಬ್ಬ ಗ್ರಾಮಸೇವಿಕೆ, ಒಬ್ಬ ಸೂಲಗಿತ್ತಿ, ಕೈಕೆಲಸ ಕಲಿಸುವ ಒಬ್ಬಾಕೆ, ಮಕ್ಕಳಿಗೆ ಬಾಲವಾಡಿ. ಅದನ್ನು ನಡೆಸುವ ಸಮಿತಿಯಲ್ಲಿ ಹೆಚ್ಚಿನವರು ಆ ಭಾಗದ ಹೆಂಗಸರೇ. ಅಡುಗೆಮನೆಯ ಡಬ್ಬಿಯ ದುಡ್ಡಿನ ಹೊರಗೆ ಲೆಕ್ಕ ಬರೆದಿರದ ಹೆಂಗಸರು ಸರ್ಕಾರದ ಹಣದ ಲೆಕ್ಕ ಇಡಲು, ಸಭೆಯ ನಡಾವಳಿ ಬರೆಯಲು ಕಲಿತರು. ಕರ್ನಾಟಕದಲ್ಲಿ 1987ರ ಜಿಲ್ಲಾ ಪರಿಷತ್ ಚುನಾವಣೆಯಲ್ಲಿ ಹೆಂಗಸರಿಗೆ ಕಾಲು ಭಾಗ ಸ್ಥಾನ ಸಿಕ್ಕಾಗ ನಾವೆಲ್ಲ ಹೆಮ್ಮೆಪಟ್ಟೆವು. ಹಳ್ಳಿಯ ಹೆಂಗಸು ಸಮಿತಿಯ ಕುರ್ಚಿಯಲ್ಲಿ ಕೂರುವುದನ್ನು ಊರು ನೋಡಿದ್ದು ಅದಕ್ಕಿಂತ ಮೂವತ್ತು ವರ್ಷ ಮೊದಲು.

1953ರ ಜನವರಿಯಲ್ಲಿ ಹಣಕಾಸು ಸಚಿವ ಚಿಂತಾಮಣ ದೇಶ್‌ಮುಖ್ ಅವರನ್ನು ಮದುವೆಯಾದರು. ರಿಸರ್ವ್ ಬ್ಯಾಂಕಿನ ಮೊದಲ ಭಾರತೀಯ ಗವರ್ನರ್ ಅವರು. ಯೋಜನಾ ಆಯೋಗದ ಮೇಜಿನಲ್ಲೇ ಪರಿಚಯವಾದದ್ದು. ರಿಜಿಸ್ಟರ್ ಮದುವೆಗೆ ನೆಹರೂ ಸಾಕ್ಷಿ. ಗಂಡ ಹಣಕಾಸು ಸಚಿವ, ಹೆಂಡತಿ ಹಣ ಕೇಳುವ ಮಂಡಳಿಯ ಅಧ್ಯಕ್ಷೆ ಎಂದು ಅಂದು ಜನ ಎಷ್ಟು ನಕ್ಕಿರಬೇಡ!

ಇನ್ನು ಶಿಕ್ಷಣ. 1951ರ ಜನಗಣತಿಯಲ್ಲಿ ಅಕ್ಷರಸ್ಥ ಗಂಡಸರು ನೂರಕ್ಕೆ 27, ಹೆಂಗಸರು ಒಂಬತ್ತೂ ಇಲ್ಲ. 1958ರಲ್ಲಿ ಶಿಕ್ಷಣ ಸಚಿವಾಲಯ ಮಹಿಳಾ ಶಿಕ್ಷಣದ ರಾಷ್ಟ್ರೀಯ ಸಮಿತಿಯನ್ನು ನೇಮಿಸಿತು. ಅಧ್ಯಕ್ಷತೆ ದುರ್ಗಾಬಾಯಿಯವರದು. 1959ರ ಆರಂಭದಲ್ಲಿ ವರದಿ ಬಂತು. ಶಾಲೆಗಳನ್ನು ಹೆಚ್ಚಿಸುತ್ತ ಹೋದರೆ ಹುಡುಗಿಯರೂ ತಾವಾಗಿಯೇ ಬರುತ್ತಾರೆ ಎಂಬುದು ಅಲ್ಲಿಯವರೆಗಿನ ನಂಬಿಕೆ. ಸಮಿತಿ ಅದನ್ನು ಒಪ್ಪಲಿಲ್ಲ. ಹೆಣ್ಣುಮಕ್ಕಳ ಓದು ಇನ್ನೂ ಬಹಳ ವರ್ಷಗಳ ಕಾಲ ಒಂದು ಪ್ರತ್ಯೇಕ, ವಿಶೇಷ ಸಮಸ್ಯೆ, ಅದಕ್ಕೆ ಬೇರೆಯೇ ಹಣ ಎತ್ತಿಡಬೇಕು, ಕೇಂದ್ರದಲ್ಲೂ ರಾಜ್ಯದಲ್ಲೂ ಅದನ್ನೇ ನೋಡಿಕೊಳ್ಳುವ ಅಧಿಕಾರಿಗಳು ಬೇಕು, ಹುಡುಗ ಹುಡುಗಿಯರ ನಡುವಿನ ಅಂತರವನ್ನು ಆದಷ್ಟು ಬೇಗ ಮುಚ್ಚಬೇಕು ಎಂದು ಬರೆಯಿತು. ರಾಷ್ಟ್ರೀಯ ಮಹಿಳಾ ಶಿಕ್ಷಣ ಪರಿಷತ್ತು ಸ್ಥಾಪನೆಯಾಗಿ ಅದಕ್ಕೂ ಇವರೇ ಮೊದಲ ಅಧ್ಯಕ್ಷೆಯಾದರು. ಆ ಪರಿಷತ್ತು ಹಂಸಾ ಮೆಹ್ತಾ ಅವರ ಅಧ್ಯಕ್ಷತೆಯಲ್ಲಿ ನೇಮಿಸಿದ ಇನ್ನೊಂದು ಸಮಿತಿ, ಹುಡುಗರಿಗೊಂದು ಹುಡುಗಿಯರಿಗೊಂದು ಪಠ್ಯ ಬೇಡ ಎಂದಿತು. 2005ರ ನಂತರ ಕೇಂದ್ರ ಬಜೆಟ್ಟಿನಲ್ಲಿ ಜೆಂಡರ್ ಬಜೆಟ್ ಎಂಬ ಹೇಳಿಕೆ ಬರತೊಡಗಿತು. ಹೆಣ್ಣಿಗಾಗಿ ಹಣವನ್ನು ಬೇರೆಯಾಗಿ ಎಣಿಸಿ ತೋರಿಸಿ ಎಂಬ ಬೇಡಿಕೆ 1959ರ ವರದಿಯಲ್ಲೇ ಇತ್ತು.

ಹಾಂ, ನಮ್ಮ ಮನೆಯ ಹೆಣ್ಣುಮಗಳ ಮಾತು. ಮದ್ರಾಸಿನಲ್ಲಿ ಮಾಡಿದ ಪ್ರಯೋಗವನ್ನು ದುರ್ಗಾಬಾಯಿ 1958ರಲ್ಲಿ ದೇಶಕ್ಕೆಲ್ಲ ವಿಸ್ತರಿಸಿದರು. ಶಾಲೆ ಬಿಟ್ಟ ವಯಸ್ಕ ಹೆಂಗಸರಿಗೆ ಎರಡು ವರ್ಷದ ಸಂಕ್ಷಿಪ್ತ ಶಿಕ್ಷಣ, ಕೊನೆಗೆ ಸರ್ಕಾರಿ ಪರೀಕ್ಷೆ. ಮಂಡಳಿ ಹಣ ಕೊಡುತ್ತಿತ್ತು, ಊರಿನ ಮಹಿಳಾ ಮಂಡಲಗಳು ನಡೆಸುತ್ತಿದ್ದವು. ನನ್ನ ಮಾವಶಿ, ಅವ್ವನ ತಂಗಿ, ಹದಿನಾಲ್ಕಕ್ಕೆ ಮದುವೆಯಾಗಿ ಇಪ್ಪತ್ತೆರಡಕ್ಕೆ ಒಂದು ಕೂಸಿನೊಡನೆ ತವರಿಗೆ ಬಂದಾಕೆ. ಅಡುಗೆ ಮಾಡಿಕೊಂಡು ಮೂಲೆಯಲ್ಲಿ ಇರುತ್ತಾಳೆ ಎಂದೇ ಮನೆಯವರೆಲ್ಲ ತಿಳಿದಿದ್ದರು. ಹುಬ್ಬಳ್ಳಿಯಲ್ಲಿ ಇಂಥದೊಂದು ತರಗತಿ ಇದೆ ಎಂದು ಯಾರೋ ಹೇಳಿದರು. ಎರಡು ವರ್ಷ ಅಲ್ಲಿಯೇ ಇದ್ದು ಓದಿ ಎಸ್ಸೆಸ್ಸೆಲ್ಸಿ ಪಾಸು ಮಾಡಿ, ಮುಂದೆ ಟೀಚರ್ ಟ್ರೇನಿಂಗ್ ಮುಗಿಸಿ ಪ್ರಾಥಮಿಕ ಶಾಲೆಯ ಅಕ್ಕೋರಾದಳು. ನನ್ನ ಕಾಲೇಜಿನ ಮೊದಲ ಫೀ ಕಟ್ಟಿದ್ದು ಅವಳ ಪಗಾರದಿಂದ. ಆ ತರಗತಿಯ ಹಿಂದೆ ಯಾರಿದ್ದರು ಎಂಬುದು ಅವಳಿಗೆ ಕೊನೆಯವರೆಗೂ ತಿಳಿದಿರಲಿಲ್ಲ. ನನಗೆ ತಿಳಿದದ್ದೂ ವಿಶಾಖಪಟ್ಟಣಕ್ಕೆ ಬಂದ ಮೇಲೆ.

ದುರ್ಗಾಬಾಯಿಯವರ ಕೆಲಸದ ಬಗ್ಗೆ ಟೀಕೆಗಳೂ ಇವೆ. ಕಲ್ಯಾಣ ಎಂಬ ಹೆಸರಿನಲ್ಲಿ ಹೆಂಗಸರಿಗೆ ಹೊಲಿಗೆ, ಹಪ್ಪಳ, ಶಿಶುಪಾಲನೆ ಕೊಟ್ಟು ಭೂಮಿ, ಕೂಲಿ, ಕಾರ್ಖಾನೆಯ ಕೆಲಸಗಳನ್ನು ಗಂಡಸರ ಪಟ್ಟಿಯಲ್ಲೇ ಉಳಿಸಲಾಯಿತು ಎನ್ನುತ್ತಾರೆ. ಇದರಲ್ಲಿ ಹುರುಳಿದೆ. 1974ರಲ್ಲಿ ಫುಲ್‌ರೇಣು ಗುಹ ಅವರ ಸಮಿತಿ, ವೀಣಾ ಮಜುಂದಾರ್ ಅವರ ಕಾರ್ಯದರ್ಶಿತ್ವದಲ್ಲಿ, ಸಮಾನತೆಯ ಕಡೆಗೆ ಎಂಬ ವರದಿ ಕೊಟ್ಟಾಗ ದೇಶ ಬೆಚ್ಚಿತು. 1901ರಲ್ಲಿ ಸಾವಿರ ಗಂಡಸರಿಗೆ 972 ಇದ್ದ ಹೆಂಗಸರು 1971ಕ್ಕೆ 930 ಆಗಿದ್ದರು. ದುಡಿಯುವವರ ಪಟ್ಟಿಯಿಂದ ಹೆಂಗಸರು ಕರಗುತ್ತಿದ್ದರು. ಇಪ್ಪತ್ತು ವರ್ಷಗಳ ಯೋಜನೆಗಳು ಇದನ್ನು ಕಂಡೇ ಇರಲಿಲ್ಲ. ದುಡಿಮೆಯ ಲೆಕ್ಕದಲ್ಲಿ ಬಿಟ್ಟುಹೋದ ಹೆಣ್ಣಿನ ಕೆಲಸವನ್ನು ಗಂಟೆಗಳಲ್ಲಿ ಅಳೆದು ತೋರಿಸುವ ಕೆಲಸವನ್ನು ಆಮೇಲೆ ಮೈಸೂರಿನಲ್ಲಿ ಹುಟ್ಟಿದ ನಮ್ಮ ದೇವಕಿ ಜೈನ್ ಅಂಥವರು ಮಾಡಿದರು.

ನಾನಿರುವ ಭೀಮುನಿಪಟ್ಟಣದಲ್ಲಿ, ಊರವರ ಬಾಯಲ್ಲಿ ಭೀಮಿಲಿ, ಇದನ್ನು ದಿನವೂ ನೋಡಬಹುದು. ದೋಣಿ ದಡಕ್ಕೆ ಬಂದ ಮೇಲೆ ಮೀನು ಆರಿಸುವುದು, ಉಪ್ಪು ಹಚ್ಚಿ ಮರಳ ಮೇಲೆ ಒಣಗಿಸುವುದು, ಬುಟ್ಟಿ ಹೊತ್ತು ಮನೆಮನೆಗೆ ಮಾರುವುದು, ಸಾಲ ತೀರಿಸುವುದು ಎಲ್ಲ ಹೆಂಗಸರದೇ. ನಮ್ಮ ಮನೆಗೆ ಮೀನಲ್ಲ, ಸುದ್ದಿ ತರುವ ಒಬ್ಬ ಅಮ್ಮನಿದ್ದಾಳೆ. ನೀನೇನು ಕೆಲಸ ಮಾಡುತ್ತೀ ಎಂದು ಯಾರಾದರೂ ಕೇಳಿದರೆ ಗಂಡ ಸಮುದ್ರಕ್ಕೆ ಹೋಗುತ್ತಾನೆ ಎನ್ನುತ್ತಾಳೆ. ತಾನು ಮನೆಯಲ್ಲೇ ಇರುತ್ತೇನೆ ಎಂದೂ ಸೇರಿಸುತ್ತಾಳೆ, ಬುಟ್ಟಿ ತಲೆಯ ಮೇಲೆ ಇರುವಾಗಲೇ. ಪಟ್ಟಿ ಹಿಡಿದು ಬಂದವನು ಅದನ್ನೇ ಬರೆದುಕೊಂಡು ಹೋದರೆ ಅವನ ತಪ್ಪೆನ್ನಲೂ ಆಗದು.

ದುರ್ಗಾಬಾಯಿ ಈ ಕೊರತೆ ಅರಿಯದವರಲ್ಲ. ಹೊಲಿಗೆ ಯಂತ್ರ ಕೊಟ್ಟ ಕೈಯಿಂದಲೇ ಅವರು 1962ರಲ್ಲಿ ದಿಲ್ಲಿಯಲ್ಲಿ ಸಾಮಾಜಿಕ ಅಭಿವೃದ್ಧಿ ಪರಿಷತ್ತನ್ನು, ಅಂದರೆ ಕೌನ್ಸಿಲ್ ಫಾರ್ ಸೋಶಿಯಲ್ ಡೆವಲಪ್‌ಮೆಂಟ್ ಎಂಬ ಸಂಶೋಧನಾ ಸಂಸ್ಥೆಯನ್ನು ಕಟ್ಟಿದರು. ಸಂಖ್ಯೆ ಬಲ್ಲವರು, ಸಮಾಜ ಬಲ್ಲವರು, ಆಡಳಿತ ಬಲ್ಲವರು ಒಂದೇ ಕಡೆ ಕೂತು ಮಾತನಾಡಲಿ ಎಂಬುದು ಉದ್ದೇಶ. ಆ ಸಂಸ್ಥೆ ಇಂದಿಗೂ ಇದೆ, ಸೋಶಿಯಲ್ ಚೇಂಜ್ ಎಂಬ ಪತ್ರಿಕೆ ತರುತ್ತದೆ, ದೇಶದ ಸಾಮಾಜಿಕ ಅಭಿವೃದ್ಧಿಯ ವರದಿಗಳನ್ನು ಪ್ರಕಟಿಸುತ್ತದೆ. ನಮ್ಮ ಆಂಧ್ರ ವಿಶ್ವವಿದ್ಯಾಲಯದ ಮಹಿಳಾ ಅಧ್ಯಯನ ಕೇಂದ್ರಕ್ಕೂ ಅವರ ಹೆಸರೇ ಇದೆ. ಹಾಸ್ಟೆಲ್ ಇಲ್ಲವೆಂದು ಸೀಟು ನಿರಾಕರಿಸಿದ್ದ ಅದೇ ವಿಶ್ವವಿದ್ಯಾಲಯ.

ಕೊನೆಯ ವರ್ಷಗಳನ್ನು ದಂಪತಿ ಹೈದರಾಬಾದಿನಲ್ಲಿ ಕಳೆದರು. 1975ರಲ್ಲಿ ಪದ್ಮವಿಭೂಷಣ ಬಂತು. ಆರನೆಯ ಪಂಚವಾರ್ಷಿಕ ಯೋಜನೆಯಲ್ಲಿ ಮೊದಲ ಬಾರಿಗೆ ಮಹಿಳೆ ಮತ್ತು ಅಭಿವೃದ್ಧಿ ಎಂಬ ಪ್ರತ್ಯೇಕ ಅಧ್ಯಾಯ ಸೇರಿತು. 1981ರ ಮೇ 9ರಂದು ದುರ್ಗಾಬಾಯಿ ತೀರಿಕೊಂಡರು. ಮರುವರ್ಷ ಅಕ್ಟೋಬರ್ 2ರಂದು ದೇಶ್‌ಮುಖ್ ಹೋದರು.

ಒಂದು ಕೆಲಸ ಮಾತ್ರ ಅವರ ಕಣ್ಣಮುಂದೆ ಆಗಲಿಲ್ಲ. 1953ರಲ್ಲಿ ಚೀನಾಕ್ಕೆ ಹೋಗಿದ್ದಾಗ ಅಲ್ಲಿ ಮನೆಯ ವ್ಯಾಜ್ಯಗಳಿಗೆಂದೇ ಇದ್ದ ನ್ಯಾಯಾಲಯಗಳನ್ನು ನೋಡಿ ಬಂದಿದ್ದರು. ಜೈಲಿನಲ್ಲಿ ಕಂಡ ಹೆಂಗಸರು ಅವರಿಗೆ ನೆನಪಾಗಿರಬೇಕು. ನಮ್ಮಲ್ಲೂ ಅಂಥವು ಬೇಕೆಂದು ನೆಹರೂ ಅವರಿಗೆ ಹೇಳಿದರು, ನ್ಯಾಯಮೂರ್ತಿಗಳಾದ ಛಾಗ್ಲಾ, ಗಜೇಂದ್ರಗಡ್ಕರ್ ಅವರೊಂದಿಗೆ ಚರ್ಚಿಸಿದರು. ಕುಟುಂಬ ನ್ಯಾಯಾಲಯಗಳ ಕಾಯ್ದೆ ಸಂಸತ್ತಿನಲ್ಲಿ ಪಾಸಾದದ್ದು 1984ರಲ್ಲಿ, ಅವರು ಹೋಗಿ ಮೂರು ವರ್ಷವಾದ ಮೇಲೆ. ಈಗ ವಿಶಾಖಪಟ್ಟಣದಲ್ಲೂ ವಿಜಯವಾಡದಲ್ಲೂ ಆ ನ್ಯಾಯಾಲಯಗಳು ಇವೆ.